ಮಸಲ್-ಅಪ್ ಕಲಿಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಶಾಲೆಯ ಮೈದಾನದಲ್ಲಿ ನೇತಾಡುವ ಅಡ್ಡಕಂಬಿ, ಅಂದರೆ ಒಂದು ಬಾರ್ ಇದ್ದರೆ ಸಾಕು, ಸಂಜೆ ಅದರ ಕೆಳಗೆ ನಾಲ್ಕು ಹುಡುಗರು ಇದ್ದೇ ಇರುತ್ತಾರೆ. ಒಬ್ಬ ನೇತಾಡುತ್ತಿರುತ್ತಾನೆ, ಇನ್ನೊಬ್ಬ ಮೊಬೈಲ್ ಹಿಡಿದಿರುತ್ತಾನೆ. ಪುಲ್-ಅಪ್ ಎಂಟು ಹತ್ತು ದಾಟಿದವರ ಕಣ್ಣೆಲ್ಲ ಈಗ ಮಸಲ್-ಅಪ್ ಮೇಲೆ. ನೋಡುವ ವಿಡಿಯೊಗಳು ಇಂಗ್ಲಿಷಿನಲ್ಲಿ, ಜಿಮ್ ತರಬೇತುದಾರರ ಮಾತು ಹೆಚ್ಚಾಗಿ ಮಲಯಾಳದಲ್ಲಿ, ಸಂಶಯಗಳು ಮಾತ್ರ ಕನ್ನಡದಲ್ಲೋ ತುಳುವಿನಲ್ಲೋ ಬಾಯಲ್ಲೇ ಉಳಿಯುತ್ತವೆ. ಹುಡುಗರಿಗೆ ಕಲಿಸುವಾಗ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಮಸಲ್-ಅಪ್ ಎಂದರೆ ಏನು? ಪುಲ್-ಅಪ್‌ಗಿಂತ ಹೇಗೆ ಬೇರೆ?

ಪುಲ್-ಅಪ್‌ನಲ್ಲಿ ಗಲ್ಲ ಬಾರನ್ನು ದಾಟಿದರೆ ಕೆಲಸ ಮುಗಿಯಿತು. ಮಸಲ್-ಅಪ್‌ನಲ್ಲಿ ಅಲ್ಲಿಂದ ನಿಜವಾದ ಕೆಲಸ ಶುರುವಾಗುತ್ತದೆ. ನೇತಾಡುವ ಸ್ಥಿತಿಯಿಂದ ಎಳೆದುಕೊಂಡು ಮೇಲೆ ಬಂದು, ಎದೆಯನ್ನು ಬಾರಿನ ಮೇಲಕ್ಕೆ ದಾಟಿಸಿ, ಕೈಗಳನ್ನು ಪೂರ್ತಿ ನೀಡಿ ಬಾರಿನ ಮೇಲೆ ನಿಲ್ಲಬೇಕು. ಎಳೆತ, ತಿರುವು, ಒತ್ತು ಎಂದು ಮೂರು ಘಟ್ಟಗಳು. ನಡುವಿನ ತಿರುವಿನಲ್ಲಿ ಬಾರಿನ ಕೆಳಗಿದ್ದ ಮೊಣಕೈ ಬಾರಿನ ಮೇಲಕ್ಕೆ ಬರುತ್ತದೆ. ಎಲ್ಲರೂ ಸಿಕ್ಕಿಬೀಳುವುದು ಅಲ್ಲೇ.

ನನಗೆ ಎಂಟು ಪುಲ್-ಅಪ್ ಬರುತ್ತದೆ. ಶುರು ಮಾಡಬಹುದೇ?

ಯಾವ ಎಂಟು ಎಂಬುದರ ಮೇಲೆ ಹೋಗುತ್ತದೆ. ಪ್ರತಿ ಸಲವೂ ಕೈ ಪೂರ್ತಿ ನೀಡಿದ ಸ್ಥಿತಿಯಿಂದ ಎದ್ದು, ಕಾಲು ಒದೆಯದೆ, ಕುತ್ತಿಗೆ ಉದ್ದ ಮಾಡಿ ಗಲ್ಲ ತಾಗಿಸದೆ ಎಂಟು ಬಂದರೆ ಪೂರ್ವತಯಾರಿ ಶುರು ಮಾಡಿ. ಮಸಲ್-ಅಪ್‌ಗೇ ಕೈ ಹಾಕಲು ಅಂಥ ಹತ್ತು ಹನ್ನೆರಡು ಪುಲ್-ಅಪ್ ಬೇಕು; ಜೊತೆಗೆ ಬಾರಿನ ಮೇಲೆ ಹತ್ತು ಹದಿನೈದು ಡಿಪ್ಸ್ ಬೇಕು. ಡಿಪ್ಸ್ ಎಂದರೆ ಎರಡು ಸಮಾನಾಂತರ ಕಂಬಿಗಳ ನಡುವೆ ಮಾಡುವುದಲ್ಲ. ಒಂದೇ ಬಾರನ್ನು ಹೊಟ್ಟೆಯ ಮುಂದೆ ಹಿಡಿದು, ಎದೆಯ ಕೆಳಭಾಗ ಬಾರಿಗೆ ತಾಗುವಷ್ಟು ಇಳಿದು ಏಳುವುದು. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆಮೇಲೆ ಕಷ್ಟಪಟ್ಟು ಬಾರಿನ ಮೇಲೆ ಬಂದವರು ಅಲ್ಲಿಂದ ಏಳಲಾಗದೆ ಒಗೆದ ಬಟ್ಟೆಯಂತೆ ಅದರ ಮೇಲೆ ಜೋತುಬೀಳುತ್ತಾರೆ.

ಎಷ್ಟು ಎತ್ತರಕ್ಕೆ ಎಳೆಯಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವ ಸಮಯವಿದ್ದರೆ ಇದನ್ನು ಓದಿ. ತಿರುವು ಬರುತ್ತಿಲ್ಲ ಎಂದು ಬರುವ ಹತ್ತು ಮಂದಿಯಲ್ಲಿ ಹೆಚ್ಚಿನವರ ತೊಂದರೆ ತಿರುವಿನದ್ದಲ್ಲ, ಎತ್ತರದ್ದು. ಗಲ್ಲದ ಮಟ್ಟದಲ್ಲಿ ಬಾರ್ ಇದ್ದಾಗ ಮೊಣಕೈಯನ್ನು ಮೇಲೆ ತಿರುಗಿಸಲು ಯಾರಿಗೂ ಆಗುವುದಿಲ್ಲ. ಬಾರ್ ಎದೆಗೂಡಿನ ಕೆಳತುದಿಯ ತನಕ ಬಂದರೆ ಮಾತ್ರ ಎದೆಯನ್ನು ಅದರ ಮೇಲಕ್ಕೆ ಹಾಕಲು ಜಾಗ ಸಿಗುತ್ತದೆ.

ನಿಮ್ಮ ಎಳೆತ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಶಾಲೆಯ ಸೀಮೆಸುಣ್ಣವನ್ನು ಬಾರಿನ ನಡುಭಾಗಕ್ಕೆ ದಪ್ಪಗೆ ಉಜ್ಜಿ, ಕಡುಬಣ್ಣದ ಅಂಗಿ ಹಾಕಿ, ಶಕ್ತಿಯಿದ್ದಷ್ಟು ಜೋರಾಗಿ ಒಂದು ಪುಲ್-ಅಪ್ ಮಾಡಿ. ಇಳಿದು ಅಂಗಿ ನೋಡಿ. ಬಿಳಿ ಗೆರೆ ಕಾಲರಿನ ಹತ್ತಿರ ಬಿದ್ದಿದ್ದರೆ ಇನ್ನೂ ಬಹಳ ದೂರವಿದೆ. ಎದೆಯ ನಡುವೆ ಬಿದ್ದಿದ್ದರೆ ಹತ್ತಿರ ಬಂದಿದ್ದೀರಿ. ಪಕ್ಕೆಲುಬು ಮುಗಿಯುವಲ್ಲಿ ಬಿದ್ದು, ಅದೂ ಒಂದರ ಹಿಂದೆ ಒಂದು ಮೂರು ಸಲ ಬಿದ್ದರೆ, ತಿರುವನ್ನು ಕಲಿಯುವ ಹಕ್ಕು ನಿಮಗೆ ಬಂದಿದೆ. ಅಲ್ಲಿಯ ತನಕ ಪ್ರಯತ್ನಿಸುವುದು ಹೆಗಲನ್ನು ಹಾಳು ಮಾಡಿಕೊಳ್ಳುವ ದಾರಿ.

ಎತ್ತರ ಹೆಚ್ಚಿಸಲು ಎರಡು ದಾರಿಗಳಿವೆ. ಒಂದು, ಮೂರೇ ಮೂರು ಸಲ, ಆದರೆ ಪ್ರತಿ ಸಲವೂ ಸಿಡಿದೇಳುವಂತೆ ಎಳೆದು, ಎರಡು ಮೂರು ನಿಮಿಷ ಪೂರ್ತಿ ವಿಶ್ರಾಂತಿ ತೆಗೆದುಕೊಂಡು ಮತ್ತೆ ಮಾಡುವುದು. ಇನ್ನೊಂದು, ಬೆನ್ನಿಗೆ ಚೀಲ ಹಾಕಿ ಐದು ಹತ್ತು ಕಿಲೋ ಭಾರ ಹೊತ್ತು ಎಳೆಯುವುದು. ಚೀಲದಲ್ಲಿ ಅಕ್ಕಿಯ ಪೊಟ್ಟಣವಿದ್ದರೆ ಒಳ್ಳೆಯದು, ಅಲುಗಾಡುವುದಿಲ್ಲ. ತೆಂಗಿನಕಾಯಿ ತುಂಬಿಸಿಕೊಂಡು ಬಂದವನೊಬ್ಬನನ್ನು ನೋಡಿದ್ದೇನೆ. ಪ್ರತಿ ಎಳೆತಕ್ಕೂ ಬೆನ್ನಿಗೆ ಏಟು ಬೀಳುತ್ತಿತ್ತು.

ಫಾಲ್ಸ್ ಗ್ರಿಪ್ ಕಡ್ಡಾಯವೇ?

ರಿಂಗ್‌ನಲ್ಲಿ, ಅಂದರೆ ಬೆಲ್ಟಿನಿಂದ ತೂಗುಬಿಟ್ಟ ಜೋಡಿ ಬಳೆಗಳಲ್ಲಿ, ನಿಧಾನವಾಗಿ ಮಾಡಲು ಹೆಚ್ಚುಕಡಿಮೆ ಕಡ್ಡಾಯ. ಬಾರಿನಲ್ಲಿ ವೇಗವಾಗಿ ಮಾಡುವವರಿಗೆ ಅಲ್ಲ.

ಸಾಮಾನ್ಯ ಹಿಡಿತದಲ್ಲಿ ಬಾರ್ ಬೆರಳುಗಳ ಬುಡದಲ್ಲಿರುತ್ತದೆ, ಮಣಿಕಟ್ಟು ಬಾರಿನ ಕೆಳಗಿರುತ್ತದೆ. ಹಾಗಾಗಿ ಮೇಲೆ ಬಂದಾಗ ಅಂಗೈಯನ್ನು ಬಾರಿನ ಸುತ್ತ ಉರುಳಿಸಬೇಕಾಗುತ್ತದೆ. ಫಾಲ್ಸ್ ಗ್ರಿಪ್‌ನಲ್ಲಿ ಮಣಿಕಟ್ಟನ್ನು ಮೊದಲೇ ಮಡಚಿ ಮೇಲಿಟ್ಟಿರುತ್ತೇವೆ. ರಿಂಗ್ ಹಿಡಿಯುವಾಗ ಅದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಹೊರಟು, ಅಂಗೈಯ ಮೇಲೆ ಓರೆಯಾಗಿ ಸಾಗಿ, ಕಿರುಬೆರಳಿನ ಕೆಳಗೆ ಮಣಿಕಟ್ಟಿನ ಹತ್ತಿರವಿರುವ ದಪ್ಪ ಮಾಂಸದ ಮೇಲೆ ಕೂರಬೇಕು. ಹಾಗೆ ಹಿಡಿದು ಕೈ ಪೂರ್ತಿ ನೀಡಿ ಇಪ್ಪತ್ತು ಸೆಕೆಂಡು ನೇತಾಡಲು ಆಗುವವರೆಗೆ ಎಳೆಯಲು ಹೋಗಬೇಡಿ. ಮೊದಲ ವಾರ ಮಣಿಕಟ್ಟಿನ ಗೆರೆಯ ಹತ್ತಿರ ಚರ್ಮ ಕೆಂಪಾಗಿ ಉರಿಯುತ್ತದೆ. ಒಂದು ಸುತ್ತು ಹತ್ತಿಯ ಪಟ್ಟಿ ಕಟ್ಟಿಕೊಳ್ಳಿ, ತೊಂದರೆಯಿಲ್ಲ.

ಬಾರಿನಲ್ಲಿ ಹೆಬ್ಬೆರಳನ್ನು ಕೆಳಗಿನಿಂದ ಸುತ್ತದೆ, ಉಳಿದ ಬೆರಳುಗಳ ಜೊತೆಗೆ ಮೇಲಿಟ್ಟರೆ ಅಂಗೈ ಉರುಳುವುದು ಸುಲಭ. ಆದರೆ ಕೈ ಒದ್ದೆಯಿದ್ದಾಗ ಹಾಗೆ ಹಿಡಿಯಲೇಬಾರದು.

ತಿರುವನ್ನು ಹಂತಹಂತವಾಗಿ ಹೇಗೆ ಕಲಿಯುವುದು?

ಮೊದಲು ಒಂದು ತಪ್ಪು ಚಿತ್ರವನ್ನು ತಲೆಯಿಂದ ತೆಗೆಯಬೇಕು. ದೇಹ ನೆಟ್ಟಗೆ ಮೇಲೇರುತ್ತದೆ ಎಂದುಕೊಂಡರೆ ಬಾರ್ ನೇರ ಮೂಗಿಗೆ ಬರುತ್ತದೆ. ದೇಹ ಬಾರಿನ ಸುತ್ತ ಬಳಸಿಕೊಂಡು ಹೋಗಬೇಕು: ಎಳೆಯುವಾಗ ಸ್ವಲ್ಪ ಹಿಂದಕ್ಕೆ ವಾಲಿ ಬಾರನ್ನು ಹೊಟ್ಟೆಯ ಕಡೆಗೆ ತರುವುದು, ಅತ್ಯಂತ ಎತ್ತರದಲ್ಲಿರುವಾಗ ತಲೆ ಮತ್ತು ಎದೆಯನ್ನು ಒಮ್ಮೆಲೆ ಮುಂದಕ್ಕೆ ಹಾಕುವುದು. ಪಕ್ಕದಿಂದ ವಿಡಿಯೊ ತೆಗೆದು ನೋಡಿದರೆ ಸೊಂಟ ಹೋದ ದಾರಿ ಬಿಲ್ಲಿನಂತೆ ಬಾಗಿರಬೇಕು.

ಅಭ್ಯಾಸವನ್ನು ಎದೆಮಟ್ಟದ ತಗ್ಗು ಬಾರಿನಲ್ಲಿ ಶುರು ಮಾಡಿ. ಬಾರ್ ಹಿಡಿದು, ಮೊಣಕಾಲು ಮಡಚಿ ಕೆಳಗೆ ಕುಳಿತು, ಪಾದ ನೆಲದಲ್ಲೇ ಇರಲಿ. ಈಗ ಕಾಲಿನ ಸ್ವಲ್ಪ ಸಹಾಯದಿಂದ ಎದ್ದು, ಎದೆಗೂಡಿನ ಕೆಳತುದಿ ಬಾರಿಗೆ ಬಂದೊಡನೆ ಎರಡೂ ಮೊಣಕೈಗಳನ್ನು ಹಿಂದಕ್ಕೂ ಮೇಲಕ್ಕೂ ತಿರುಗಿಸಿ ಎದೆಯನ್ನು ಬಾರಿನ ಮೇಲೆ ತನ್ನಿ. ಇದನ್ನು ಆದಷ್ಟು ನಿಧಾನವಾಗಿ ಮಾಡಬೇಕು. ಕಾಲು ಎಷ್ಟು ಸಹಾಯ ಮಾಡುತ್ತಿದೆ ಎಂಬುದು ನಿಮಗೊಬ್ಬರಿಗೇ ಗೊತ್ತು. ದಿನದಿಂದ ದಿನಕ್ಕೆ ಅದನ್ನು ಕಡಿಮೆ ಮಾಡುತ್ತ ಬನ್ನಿ.

ಎರಡನೆಯದು ಇಳಿಯುವ ಅಭ್ಯಾಸ. ಸ್ಟೂಲಿನ ಮೇಲೆ ನಿಂತು ಎತ್ತರದ ಬಾರಿನ ಮೇಲೆ ಕೈ ನೀಡಿ ನಿಲ್ಲಿ. ಅಲ್ಲಿಂದ ಎದೆ ಬಾರಿಗೆ ತಾಗುವ ತನಕ ಇಳಿದು, ಮುಂದಕ್ಕೆ ವಾಲಿದ ಸ್ಥಿತಿಯಿಂದ ನಿಧಾನವಾಗಿ ಹಿಂದಕ್ಕೆ ಬಂದು, ನಾಲ್ಕೈದು ಸೆಕೆಂಡು ತೆಗೆದುಕೊಂಡು ತಿರುವನ್ನು ದಾಟಿ ಕೆಳಗಿಳಿಯಿರಿ. ಮೊದಮೊದಲು ತಿರುವಿನಲ್ಲಿ ದೇಹ ಧಡಕ್ಕನೆ ಬೀಳುತ್ತದೆ. ಬೀಳುವ ಆ ಒಂದು ಗೇಣು ಜಾಗವೇ ನಿಮ್ಮ ದೌರ್ಬಲ್ಯದ ಜಾಗ, ಅಲ್ಲೇ ತಡೆಯಲು ಯತ್ನಿಸಿ. ಇದು ಮೊಣಕೈ ಸ್ನಾಯುಗಳಿಗೆ ಭಾರಿ ಹೊರೆ. ಒಂದು ದಿನಕ್ಕೆ ಹತ್ತು ಹನ್ನೆರಡು ಇಳಿತಕ್ಕಿಂತ ಹೆಚ್ಚು ಬೇಡ.

ಇವೆರಡೂ ಹಿಡಿತಕ್ಕೆ ಬಂದ ಮೇಲೆ ಎತ್ತರದ ಬಾರ್. ನೇತಾಡುತ್ತ ದೇಹವನ್ನು ಸ್ವಲ್ಪ ಮುಂದಕ್ಕೆ ಬಿಟ್ಟು, ಅದು ಹಿಂದಕ್ಕೆ ಮರಳಲು ಶುರು ಮಾಡಿದ ಕ್ಷಣ ಎಳೆಯಿರಿ. ಮುಂದಕ್ಕೆ ಹೋಗುತ್ತಿರುವಾಗಲೇ ಎಳೆದರೆ ಬಾರಿನಡಿಯಲ್ಲಿ ಸಿಕ್ಕಿಕೊಳ್ಳುತ್ತೀರಿ.

ನನ್ನ ಬಲಗೈ ಮೊದಲು ಮೇಲೆ ಬರುತ್ತದೆ, ಎಡಗೈ ಆಮೇಲೆ. ಬಂದರೆ ಸಾಕಲ್ಲವೇ?

ಸಾಲದು. ಒಂದು ಮೊಣಕೈಯನ್ನು ಮೊದಲು ಬಾರಿನ ಮೇಲೆ ಹಾಕಿ, ಅದರ ಮೇಲೆ ಭಾರ ಬಿಟ್ಟು, ಇನ್ನೊಂದನ್ನು ಎಳೆದುಕೊಳ್ಳುವುದಕ್ಕೆ ಚಿಕನ್ ವಿಂಗ್ ಎನ್ನುತ್ತಾರೆ. ಇಡೀ ದೇಹದ ತೂಕ ತಿರುಚಿಕೊಂಡ ಒಂದೇ ಹೆಗಲಿನ ಮೇಲೆ ಬೀಳುತ್ತದೆ. ಹೀಗೆ ಮೇಲೆ ಬಂದವರಿಗೆ ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ, ಅದರಿಂದ ಚಾಳಿ ಇನ್ನಷ್ಟು ಗಟ್ಟಿಯಾಗುತ್ತದೆ. ಕಾರಣ ಮತ್ತೆ ಅದೇ: ಎತ್ತರ ಸಾಲದು. ಸೀಮೆಸುಣ್ಣಕ್ಕೆ ಮರಳಿ.

ಬಾರ್ ಮೊದಲೋ, ರಿಂಗ್ ಮೊದಲೋ?

ನಿಮ್ಮ ಹತ್ತಿರ ಯಾವುದಿದೆಯೋ ಅದು. ಬಾರ್ ಅಲುಗುವುದಿಲ್ಲ, ಆದ್ದರಿಂದ ನೀವು ಅದರ ಸುತ್ತ ಬಳಸಬೇಕು. ಅದಕ್ಕೆ ವೇಗ ಬೇಕು. ರಿಂಗ್‌ಗಳು ಪಕ್ಕಕ್ಕೆ ಸರಿದು ದಾರಿ ಕೊಡುತ್ತವೆ, ತಿರುವು ಸಲೀಸು. ಆದರೆ ಮೇಲೆ ಬಂದ ಮೇಲೆ ನಡುಗುತ್ತವೆ. ನಿಧಾನವಾಗಿ, ಶುದ್ಧವಾಗಿ ಕಲಿಯುವವರಿಗೆ ರಿಂಗ್ ಒಳ್ಳೆಯ ಗುರು ಎಂದು ನನ್ನ ಅಭಿಪ್ರಾಯ. ಬೆಲ್ಟಿನ ಉದ್ದ ಕಡಿಮೆ ಹೆಚ್ಚು ಮಾಡಿದರೆ ಅದೇ ರಿಂಗ್ ತಗ್ಗು ಬಾರಿನ ಕೆಲಸವನ್ನೂ ಮಾಡುತ್ತದೆ.

ಈ ಎರಡೂ ಉಪಕರಣಗಳು 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇದ್ದವು. ನಮ್ಮ ನೆರೆಯ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ಕಸ್ ಶಾಲೆ ತೆರೆದು ಹುಡುಗರನ್ನು ಪಳಗಿಸಿದರು. ರೀಲ್ಸ್ ಬಂದ ಮೇಲೆ ಹುಟ್ಟಿದ ವಿದ್ಯೆ ಇದು ಎಂದು ತಿಳಿಯುವ ಹುಡುಗರಿಗೆ ನಾನು ಇದನ್ನು ಹೇಳುವುದುಂಟು.

ಕಾಲು ಬೀಸಿ ಮಾಡಿದರೆ ಲೆಕ್ಕಕ್ಕೆ ಬರುವುದಿಲ್ಲವೇ?

ಕ್ರಾಸ್‌ಫಿಟ್ ಸ್ಪರ್ಧೆಗಳಲ್ಲಿ ಬೀಸು ನಿಯಮಬದ್ಧ. ಕಲಿಯುವವನಿಗೆ ಮಾತ್ರ ಅದು ಸಾಲ ಮಾಡಿ ಹಬ್ಬ ಆಚರಿಸಿದ ಹಾಗೆ. ಸ್ವಲ್ಪ ಮುಂದೆ ಹಿಂದೆ ಹೋಗುವುದು ಇರಲಿ. ಮೊಣಕಾಲನ್ನು ಎದೆಗೆ ಒದ್ದು ಎಗರುವುದು ಬೇಡ.

ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಕಲಿಯಬಹುದೇ?

ಕಲಿಯಬಹುದು, ಆದರೆ ಅದರ ಗುಣ ತಿಳಿದಿರಲಿ. ಬ್ಯಾಂಡ್ ತೀರ ಕೆಳಗಿರುವಾಗ ಹೆಚ್ಚು ಎತ್ತುತ್ತದೆ, ಮೇಲೆ ಬಂದಂತೆ ಸಡಿಲವಾಗುತ್ತದೆ. ನಿಮಗೆ ಸಹಾಯ ಬೇಕಾದ ತಿರುವಿನಲ್ಲೇ ಅದು ಕೈಕೊಡುತ್ತದೆ. ದೇಹ ಹೋಗಬೇಕಾದ ದಾರಿಯ ಅಂದಾಜು ಸಿಗಲು ಒಂದೆರಡು ವಾರ ಬಳಸಿ ಬಿಟ್ಟುಬಿಡಿ. ಪಾದಕ್ಕೆ ಸಿಕ್ಕಿಸುವಾಗ ಜಾರಿದರೆ ಮುಖಕ್ಕೆ ಬಡಿಯುತ್ತದೆ, ಜಾಗ್ರತೆ.

ಮನೆಯ ಅಂಗಳದಲ್ಲೇ ಬಾರ್ ಹಾಕಬೇಕೆಂದಿದ್ದೇನೆ. ಯಾವ ಪೈಪ್?

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಇಂಚು ಎಂದು ಕೊಡುವ ಜಿಐ ಪೈಪಿನ ಹೊರ ವ್ಯಾಸ ಸುಮಾರು 33.7 ಮಿ.ಮೀ. ಇರುತ್ತದೆ, ಇಂಚಿನ ಲೆಕ್ಕ ಒಳಗಿನ ತೂತಿನದ್ದು. ಹೆಚ್ಚಿನವರ ಕೈಗೆ ಇದು ಸರಿ. ಮುಕ್ಕಾಲು ಇಂಚಿನದು ಸುಮಾರು 26.9 ಮಿ.ಮೀ.; ಜಿಮ್ನಾಸ್ಟಿಕ್ಸ್ ಸ್ಪರ್ಧೆಯ ಬಾರ್ 28 ಮಿ.ಮೀ. ಇರುವುದರಿಂದ ಇದೇ ಒಳ್ಳೆಯದು ಎಂದು ಕೆಲವರು ಆರಿಸುತ್ತಾರೆ. ಆದರೆ ಸ್ಪರ್ಧೆಯದು ವಿಶೇಷ ಉಕ್ಕು, ಟೊಳ್ಳು ಪೈಪ್ ನಿಮ್ಮ ಜೋಲಿಗೆ ಬಾಗುತ್ತದೆ. ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿ: ಹಳದಿ ಎಂದರೆ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ಹಳದಿ ಬೇಡ.

ಎರಡು ಅಡಕೆ ಮರಗಳ ನಡುವೆ ಪೈಪ್ ಕಟ್ಟುವ ಆಲೋಚನೆ ಎಲ್ಲರಿಗೂ ಬರುತ್ತದೆ. ಕ್ರಮಪ್ರಕಾರ ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ 2.7 ಮೀಟರ್, ಅಂದರೆ ಒಂಬತ್ತು ಅಡಿ. ಅಷ್ಟು ಉದ್ದದ ಪೈಪ್ ನಡುವೆ ತಗ್ಗುತ್ತದೆ, ಮರವೂ ತೂಗಾಡುತ್ತದೆ, ಮರದ ಯಜಮಾನರಾದ ಅಪ್ಪನೂ ಸುಮ್ಮನಿರುವುದಿಲ್ಲ. ಕೆಂಪುಕಲ್ಲಿನ ಗೋಡೆಗೆ ಬೋಲ್ಟ್ ಹೊಡೆದು ಹಾಕುವ ಬಾರ್ ಕೂಡ ಬೇಡ. ಕಲ್ಲು ಮೆದು, ಜಗ್ಗಿ ಜಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಹಂಚಿನ ಮಾಡಿನ ಪಕ್ಕಾಸಿನ ಸುದ್ದಿಗೇ ಹೋಗಬೇಡಿ. ಎರಡು ಇಂಚಿನ ಎರಡು ಪೈಪುಗಳನ್ನು ನಾಲ್ಕು ಅಡಿ ಅಂತರದಲ್ಲಿ, ಎರಡೂವರೆ ಅಡಿ ಆಳದ ಗುಂಡಿಯಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿ, ಮೇಲೆ ಅಡ್ಡಪೈಪ್ ಬೆಸುಗೆ ಹಾಕಿಸಿ. ಬಾರಿನ ಮೇಲೆ ಕನಿಷ್ಠ ಒಂದು ಮೀಟರ್ ತೆರವು ಬೇಕು, ಮಾಡಿನ ಅಂಚು ತಲೆಗೆ ಬಡಿಯಬಾರದು.

ರಿಂಗ್ ತೂಗುಹಾಕಲು ಹಲಸು ಅಥವಾ ಮಾವಿನ ತೊಡೆಗಾತ್ರದ ಹಸಿ ಕೊಂಬೆ ಆದೀತು. ಗೇರು ಬೇಡ. ನುಗ್ಗೆಯ ಬಗ್ಗೆ ಹೇಳಬೇಕಾದ್ದೇ ಇಲ್ಲ.

ಮಳೆಗಾಲದಲ್ಲಿ ಏನು ಮಾಡುವುದು?

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ನಿಂತು ಗಂಟೆಯಾದರೂ ಬಾರಿನ ಅಡಿಭಾಗದಲ್ಲಿ ನೀರಿನ ಹನಿ ಸಾಲಾಗಿ ನಿಂತಿರುತ್ತದೆ. ಮೇಲ್ಭಾಗ ಒರೆಸಿ ಹತ್ತುವವರು ಜಾರುವುದು ಅದರಿಂದಲೇ. ಒಣಬಟ್ಟೆಯಿಂದ ಸುತ್ತ ಒರೆಸಿ, ಕೈಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಹಚ್ಚಿ. ಅಂಗಡಿಯಲ್ಲಿ ಜಿಮ್ ಚಾಕ್ ಎಂದು ಕೇಳಿದರೆ ಸಿಗುತ್ತದೆ. ಮುಖದ ಪೌಡರ್ ಹಚ್ಚಿದರೆ ಇನ್ನೂ ಜಾರುತ್ತದೆ. ಜಡಿಮಳೆಯ ವಾರಗಳಲ್ಲಿ ತಿರುವಿನ ಅಭ್ಯಾಸ ಬಿಟ್ಟು ಜಗಲಿಯಲ್ಲಿ ಪುಷ್-ಅಪ್, ಡಿಪ್ಸ್, ಹೊಟ್ಟೆಯ ವ್ಯಾಯಾಮ ಮಾಡಿಕೊಂಡಿರಿ.

ನಾನು ಅಡಕೆ ಮರ ಏರುವವನು. ನನಗೆ ಇದು ಸುಲಭವಾಗುತ್ತದೆಯೇ?

ಅರ್ಧ ಸುಲಭ. ಕಾಲಿಗೆ ತಳೆ (ಮರ ಏರುವ ಬಳ್ಳಿಯ ಬಳೆ) ಕಟ್ಟಿ ದಿನಕ್ಕೆ ಹತ್ತಾರು ಮರ ಏರುವವರ ಹಿಡಿತ, ಮುಂಗೈ, ಬೆನ್ನು ನೋಡಿದರೆ ಜಿಮ್‌ನವರು ನಾಚಬೇಕು. ಆದರೆ ಮರ ಏರುವಾಗ ಭಾರದ ದೊಡ್ಡ ಪಾಲು ಕಾಲಿನ ಮೇಲಿರುತ್ತದೆ, ಕೈಯಿಂದ ಒತ್ತಿ ದೇಹವನ್ನು ಎತ್ತುವ ಕೆಲಸ ಬರುವುದೇ ಇಲ್ಲ. ಆದ್ದರಿಂದ ನಿಮಗೆ ಡಿಪ್ಸ್‌ನಿಂದ ಶುರು ಮಾಡಿಸುತ್ತೇನೆ. ಕೊಯ್ಲಿನ ದಿನ, ಮದ್ದು ಬಿಡುವ ದಿನ ಸಂಜೆ ಬಾರಿಗೆ ಬರಬೇಡಿ. ಕೈ ಸೋತಿದ್ದರೆ ಮರುದಿನ ಮರದ ತುದಿಯಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಸೇನಾ ಭರ್ತಿಗೆ ತಯಾರಾಗುತ್ತಿದ್ದೇನೆ. ಮಸಲ್-ಅಪ್‌ನಿಂದ ಲಾಭವಿದೆಯೇ?

ಅಂಕದ ಲಾಭವಿಲ್ಲ. ಭರ್ತಿ ರ‍್ಯಾಲಿಯಲ್ಲಿ ಬೀಮ್ ಎಂದು ಕರೆಯುವ ಪರೀಕ್ಷೆಯಲ್ಲಿ 10 ಪುಲ್-ಅಪ್‌ಗೆ ಪೂರ್ಣ 40 ಅಂಕ, 6ಕ್ಕೆ 16, ಅದಕ್ಕಿಂತ ಕಡಿಮೆಯಾದರೆ ಹೊರಗೆ. ಓಟದ ದಣಿವಿನ ಮೇಲೆ ಅದನ್ನು ಮಾಡಬೇಕು. ಹಾಗಾಗಿ ಓಡಿ ಬಂದು ಹದಿನಾಲ್ಕು ಶುದ್ಧ ಪುಲ್-ಅಪ್ ಮಾಡುವಂತೆ ತಯಾರಾಗಿ. ಮಸಲ್-ಅಪ್ ರ‍್ಯಾಲಿ ಮುಗಿದ ಮೇಲೆ. ಮೂರು ವಾರ ಮೊದಲು ಮೊಣಕೈ ನೋಯಿಸಿಕೊಂಡು ಕೂತರೆ ವರ್ಷವೇ ಹೋಗುತ್ತದೆ.

ಮೊಣಕೈಯ ಒಳಭಾಗದಲ್ಲಿ ನೋವು. ಮುಂದುವರಿಸಬಹುದೇ?

ಒಳಭಾಗದ ಉಬ್ಬಿದ ಎಲುಬಿನ ಮೇಲೆ ಬೆರಳಿಟ್ಟು ಒತ್ತಿದಾಗ ನೋವಾದರೆ, ಬಕೆಟ್ ಎತ್ತುವಾಗಲೂ ನೋವಾದರೆ, ಮುಂಗೈ ಸ್ನಾಯುಗಳು ಎಲುಬಿಗೆ ಅಂಟುವ ಜಾಗ ದಣಿದಿರುವ ಸಾಧ್ಯತೆ ಹೆಚ್ಚು. ಮಾಂಸಖಂಡ ಬೇಗ ಬಲಗೊಳ್ಳುತ್ತದೆ, ಅದನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನ. ಎಂಟು ವಾರದಲ್ಲಿ ಬಲ ಬಂತು ಎಂದು ಹಿಗ್ಗುವವರಿಗೆ ಹತ್ತನೆಯ ವಾರ ಈ ನೋವು ಬರುವುದು ಅದಕ್ಕೇ. ಫಾಲ್ಸ್ ಗ್ರಿಪ್ ಮತ್ತು ಇಳಿತದ ಅಭ್ಯಾಸವನ್ನು ತಕ್ಷಣ ನಿಲ್ಲಿಸಿ. ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಕೈಯಿಟ್ಟು, ಮಣಿಕಟ್ಟನ್ನು ಬಹಳ ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ನೋವು ಹೆಚ್ಚದಷ್ಟೇ ಮಾಡಿ. ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ಫಿಸಿಯೋಥೆರಪಿಸ್ಟರಿಗೆ ತೋರಿಸಿ.

ಎಳೆಯುವಾಗ ಟಪ್ ಎಂಬ ಸದ್ದು ಕೇಳಿ ಮೊಣಕೈಯ ಮುಂಭಾಗ ಊದಿ ನೀಲಿಗಟ್ಟಿದರೆ ಎಣ್ಣೆ ಹಚ್ಚಿ ತಿಕ್ಕಿಸುತ್ತ ಕೂರಬೇಡಿ. ಅದೇ ದಿನ ಎಲುಬು ತಜ್ಞರ ಬಳಿ ಹೋಗಿ. ಹರಿದ ರಜ್ಜುವನ್ನು ಬೇಗ ಜೋಡಿಸಿದಷ್ಟು ಒಳ್ಳೆಯದು.

ವಾರಕ್ಕೆ ಎಷ್ಟು ದಿನ? ಎಷ್ಟು ತಿಂಗಳು ಬೇಕು?

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ದಿನವೂ ಮೈ ಬಿಸಿಯಾದ ಮೇಲೆ ಮೊದಲು ಎತ್ತರದ ಎಳೆತ, ಆಮೇಲೆ ತಗ್ಗು ಬಾರಿನ ತಿರುವು, ಕೊನೆಗೆ ಡಿಪ್ಸ್. ಇಳಿತದ ಅಭ್ಯಾಸ ವಾರಕ್ಕೆ ಒಂದೇ ದಿನ. ಹತ್ತು ಶುದ್ಧ ಪುಲ್-ಅಪ್ ಇರುವವರಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಉದ್ದ ಕೈಯವರಿಗೂ ತೂಕ ಹೆಚ್ಚಿರುವವರಿಗೂ ಇನ್ನಷ್ಟು ಹಿಡಿಯುತ್ತದೆ. ಮೂವತ್ತು ದಿನದಲ್ಲಿ ಕಲಿಸುತ್ತೇನೆ ಎಂಬ ವಿಡಿಯೊ ನೋಡಿ ಬಂದವರ ಜೊತೆ ನಾನು ವಾದಿಸುವುದಿಲ್ಲ, ಸೀಮೆಸುಣ್ಣ ಕೊಡುತ್ತೇನೆ.

ಹೆಣ್ಣುಮಕ್ಕಳಿಗೆ ಸಾಧ್ಯವೇ?

ಸಾಧ್ಯ. ವಿಧಾನ ಒಂದೇ, ಪೂರ್ವತಯಾರಿಗೆ ಹೆಚ್ಚು ಸಮಯ ಬೇಕಾಗಬಹುದು. ಬೇಕಾದ್ದು ನೋಡುವವರ ಗುಂಪಿಲ್ಲದ ಒಂದು ಬಾರ್.

ಪ್ರೋಟೀನ್ ಪುಡಿ ಬೇಕೇ?

ಬೇಕೆಂದಿಲ್ಲ. ದೇಹತೂಕದ ಕಿಲೋಗೆ ದಿನಕ್ಕೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಸಾಕು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯಲ್ಲಿ ಅದು ಸಿಗುವುದಿಲ್ಲ. ಗಂಜಿಯ ಜೊತೆಗೆ ಹೆಸರುಕಾಳಿನ ಪಲ್ಯ, ಮೊಸರು, ಮೀನು ತಿನ್ನುವವರಾದರೆ ಬೂತಾಯಿ, ಮೊಟ್ಟೆ ಸೇರಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಬೂತಾಯಿಯಲ್ಲಿ ಸುಮಾರು 20 ಗ್ರಾಂ ಇರುತ್ತದೆ.

ಮೊದಲನೆಯದು ಬಂತು. ಮುಂದೇನು?

ಅದೇ ದಿನ ಇನ್ನೊಂದಕ್ಕೆ ಹಟ ಹಿಡಿಯಬೇಡಿ. ಮುಂದಿನ ಕೆಲವು ವಾರ ಪ್ರತಿ ಅಭ್ಯಾಸದಲ್ಲಿ ಒಂದೊಂದಾಗಿ, ನಡುವೆ ಮೂರು ನಿಮಿಷ ಬಿಟ್ಟು, ನಾಲ್ಕೈದು ಮಾಡಿ. ಎಲ್ಲವೂ ಒಂದೇ ರೀತಿ ಬರತೊಡಗಿದ ಮೇಲೆ ಎರಡನ್ನು ಒಟ್ಟಿಗೆ ಜೋಡಿಸಿ. ಜೋಡಿಸುವಾಗ ಮೇಲಿನಿಂದ ಧುಮುಕಬಾರದು. ಬಾರನ್ನು ಎದೆಗೆ ಹತ್ತಿರವಿಟ್ಟು ಇಳಿದರೆ ದೇಹ ತಾನಾಗಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅದು ಮರಳುವ ಕ್ಷಣವೇ ಎರಡನೆಯ ಎಳೆತದ ಕ್ಷಣ.